ಪಾಂಟೂನ್ ದೋಣಿಯ ವಿದ್ಯುತ್ ಕಣಜ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರದಲ್ಲಿರುವ ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಎಕರೆಗೆ ಕಡಮೆಯಿಲ್ಲದ ಸರೋವರಗಳೇ 11,842 ಇವೆ. ಬೇಸಗೆಯ ಸಂಜೆಗಳಲ್ಲಿ ಅವುಗಳ ಮೇಲೆ ವಿಲಕ್ಷಣ ಆಕಾರದ ದೋಣಿಗಳು ಮೆಲ್ಲಮೆಲ್ಲನೆ ತೇಲುತ್ತಿರುವುದನ್ನು ಕಾಣಬಹುದು. ನಮ್ಮ ತೆಪ್ಪವನ್ನು ನೆನಪಿಗೆ ತರುವ ಚಪ್ಪಟೆಯಾದ ಅಟ್ಟಣೆ. ಅದರ ಸುತ್ತ ಕಟಕಟೆ, ಕುಳಿತುಕೊಳ್ಳಲು ಮೆತ್ತೆಯ ಪೀಠಗಳು, ನೆರಳಿಗೊಂದು ಮೇಲ್ಕಟ್ಟು. ಕೆಳಗೆ ಎರಡೋ ಮೂರೋ ಉದ್ದನೆಯ, ತುದಿಮುಚ್ಚಿದ ಅಲ್ಯೂಮಿನಿಯಂ ಕೊಳವೆಗಳು. ಇದೇ ಪಾಂಟೂನ್ ದೋಣಿ. 1950ರ ದಶಕದ ಆರಂಭದಲ್ಲಿ ಅದೇ ರಾಜ್ಯದ ಆಂಬ್ರೋಸ್ ವೀರೆಸ್ ಎಂಬ ರೈತನು ಉಕ್ಕಿನ ಪೀಪಾಯಿಗಳನ್ನು ಎರಡು ಸಾಲಾಗಿ ಬೆಸೆದು, ಮೇಲೆ ಮರದ ಅಟ್ಟಣೆಯನ್ನು ಕಟ್ಟಿ ತೇಲಿಸಿದ ದೋಣಿಯೇ ಇಂದಿನ ದೋಣಿಗಳಿಗೆ ಮೂಲವೆಂದು ಹೇಳುವುದು ವಾಡಿಕೆ.

ಈ ತೇಲುವ ಜಗಲಿಯ ಮೇಲೆ ಒಂದು ಕುಟುಂಬ ಸಂಜೆಯನ್ನು ಕಳೆಯುತ್ತಿದೆಯೆಂದು ಭಾವಿಸೋಣ. ಎಂಜಿನನ್ನು ನಿಲ್ಲಿಸಿದ್ದಾರೆ. ದೀಪಗಳು ಉರಿಯುತ್ತಿವೆ, ರೇಡಿಯೋ ಹಾಡುತ್ತಿದೆ, ಪುಟ್ಟದೊಂದು ಶೀತಕಪೆಟ್ಟಿಗೆ ಪಾನೀಯಗಳನ್ನು ತಂಪಾಗಿಟ್ಟಿದೆ. ಐದು ಗಂಟೆಗಳ ತರುವಾಯ ದಡಕ್ಕೆ ಮರಳಲೆಂದು ಕೀಲಿಯನ್ನು ತಿರುಗಿಸಿದರೆ, ಎಂಜಿನು ಒಮ್ಮೆ ನರಳಿ ಸುಮ್ಮನಾಗುತ್ತದೆ. ಕತ್ತಲಾಗಿದೆ, ಗಾಳಿ ಎದ್ದಿದೆ. ಅಗಲವಾದ ಈ ದೋಣಿಯನ್ನು ಗಾಳಿಗೆ ಎದುರಾಗಿ ಹುಟ್ಟುಹಾಕಿ ನಡೆಸುವುದು ಸುಲಭಸಾಧ್ಯವಲ್ಲ. ದೀಪಗಳು ಇನ್ನೂ ಮಂಕಾಗಿ ಉರಿಯುತ್ತಲೇ ಇರುವಾಗ ಎಂಜಿನು ಮಾತ್ರ ಏಕೆ ಏಳಲೊಲ್ಲದು?

ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು. ಎಂಜಿನನ್ನು ಎಬ್ಬಿಸುವ ಮೋಟಾರು 150 ಆಂಪೇರ್ ಪ್ರವಾಹವನ್ನು ಎರಡು ಸೆಕೆಂಡುಗಳ ಕಾಲ ಎಳೆಯುತ್ತದೆಯೆನ್ನೋಣ. ಅದು 300 ಕೂಲಂಬುಗಳಾಯಿತು, ಎಂದರೆ ಒಂದು ಆಂಪೇರ್-ಗಂಟೆಯ ಹನ್ನೆರಡನೆಯ ಒಂದು ಪಾಲು. ಅತ್ತ ದೀಪ, ರೇಡಿಯೋ, ಶೀತಕಪೆಟ್ಟಿಗೆಗಳೆಲ್ಲ ಕೂಡಿ ಕೇವಲ 4 ಆಂಪೇರ್ ಎಳೆದರೂ ಐದು ಗಂಟೆಗಳಲ್ಲಿ 20 ಆಂಪೇರ್-ಗಂಟೆಗಳು ಖರ್ಚಾಗುತ್ತವೆ. ಅಷ್ಟರಲ್ಲಿ ಎಂಜಿನನ್ನು 240 ಸಲ ಎಬ್ಬಿಸಬಹುದಿತ್ತು! ಎಂಜಿನಿಗೆ ಬೇಕಾದುದು ಹೆಚ್ಚು ವಿದ್ಯುತ್ತಲ್ಲ. ಸ್ವಲ್ಪ ವಿದ್ಯುತ್ತು, ಆದರೆ ಒಮ್ಮೆಲೇ ಬೇಕು. ಬರಿದಾಗುತ್ತಿರುವ ಬ್ಯಾಟರಿಗೆ ಕೊಡಲಾಗದಿರುವುದು ಇದನ್ನೇ.

ಕಾರಣವು ಬ್ಯಾಟರಿಯ ಒಡಲಿನಲ್ಲಿದೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸದ ಸಂಚಯಕವನ್ನೇ ನಾವು ಇಂದಿಗೂ ಬಳಸುತ್ತಿದ್ದೇವೆ. ಋಣಫಲಕದಲ್ಲಿ ಸ್ಪಂಜಿನಂತಹ ಸೀಸ, ಧನಫಲಕದಲ್ಲಿ ಸೀಸದ ಡೈ ಆಕ್ಸೈಡು, ನಡುವೆ ನೀರು ಬೆರೆತ ಗಂಧಕಾಮ್ಲ. ಇಂತಹ ಒಂದು ಕೋಶವು ಸುಮಾರು 2.1 ವೋಲ್ಟ್ ಒತ್ತಡವನ್ನು ಕೊಡುತ್ತದೆ. ಆರು ಕೋಶಗಳನ್ನು ಒಂದರ ಬೆನ್ನಿಗೆ ಒಂದರಂತೆ ಜೋಡಿಸಿದರೆ 12.6 ವೋಲ್ಟ್. ವಿದ್ಯುತ್ತನ್ನು ಕೊಡುತ್ತ ಹೋದಂತೆಲ್ಲ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡಿಕೊಳ್ಳುತ್ತದೆ. ಆಮ್ಲವು ವ್ಯಯವಾಗಿ ನೀರು ಹೆಚ್ಚುತ್ತದೆ. ಸಲ್ಫೇಟು ವಿದ್ಯುತ್ತನ್ನು ಹರಿಯಗೊಡದ ಪದಾರ್ಥ. ಆದುದರಿಂದ ಬ್ಯಾಟರಿಯ ಒಳರೋಧವು ಏರುತ್ತದೆ. ಅದು 0.01 ಓಮ್ ಇದ್ದಾಗ 150 ಆಂಪೇರ್ ಹರಿದರೆ ಒಳಗೇ ನಷ್ಟವಾಗುವುದು 1.5 ವೋಲ್ಟ್, ಒಳರೋಧ 0.04 ಓಮ್ ಆದರೆ ನಷ್ಟ 6 ವೋಲ್ಟ್, ಅರ್ಧಕ್ಕರ್ಧ! ನಾಲ್ಕು ಆಂಪೇರಿನ ದೀಪಗಳಿಗೆ ಈ ರೋಧವು ಲೆಕ್ಕಕ್ಕೇ ಬಾರದು. ದೀಪ ಉರಿಯುತ್ತಿದ್ದು ಎಂಜಿನು ಏಳದಿರುವ ಮರ್ಮವಿದು.

ಪರಿಹಾರವು ನಮ್ಮ ಬೇಸಾಯಗಾರರು ಬಲ್ಲುದೇ ಆಗಿದೆ: ಬಿತ್ತನೆಯ ಕಾಳನ್ನು ಊಟದ ಕಣಜದಲ್ಲಿ ಬೆರೆಸಬಾರದು. ದೋಣಿಯಲ್ಲಿ ಎರಡು ಬ್ಯಾಟರಿಗಳನ್ನಿಡುತ್ತಾರೆ. ಒಂದು ಎಂಜಿನಿಗೇ ಮೀಸಲು. ಇದರಲ್ಲಿ ತೆಳುವಾದ ಅನೇಕ ಫಲಕಗಳಿರುವುದರಿಂದ ಆಮ್ಲಕ್ಕೆ ತಾಗುವ ಮೈ ಹೆಚ್ಚು, ಆದುದರಿಂದ ಒಮ್ಮೆಲೇ ಭಾರಿ ಪ್ರವಾಹವನ್ನು ಕೊಡಬಲ್ಲುದು. ಇನ್ನೊಂದರಲ್ಲಿ ಫಲಕಗಳು ದಪ್ಪ. ಮತ್ತೆ ಮತ್ತೆ ಆಳವಾಗಿ ಬರಿದುಮಾಡಿ ತುಂಬಿದರೂ ಬೇಗ ಸವೆಯುವುದಿಲ್ಲ. ದೀಪ, ರೇಡಿಯೋಗಳು ಇದರ ಪಾಲಿಗೆ. ಎರಡರ ನಡುವೆ ನಾಲ್ಕು ನೆಲೆಗಳ ಸ್ವಿಚ್ಚು ಇರುತ್ತದೆ: ಒಂದು, ಎರಡು, ಎರಡೂ, ಬಂದ್. ಸಂಜೆಯುದ್ದಕ್ಕೂ ಅದನ್ನು ‘ಎರಡೂ’ ಎಂಬಲ್ಲಿ ಮರೆತುಬಿಟ್ಟರೆ ಎರಡು ಬ್ಯಾಟರಿಗಳನ್ನಿಟ್ಟ ಶ್ರಮವೆಲ್ಲ ವ್ಯರ್ಥ. ಎರಡೂ ಜೊತೆಜೊತೆಯಾಗಿ ಬರಿದಾಗುತ್ತವೆ. ಎಂಜಿನು ನಡೆಯುತ್ತಿರುವಾಗ ‘ಬಂದ್’ ಮಾಡುವುದು ಇನ್ನೊಂದು ಪ್ರಮಾದ. ಹೋಗಲು ಎಡೆಯಿಲ್ಲದ ವಿದ್ಯುತ್ತಿನ ಒತ್ತಡವು ಥಟ್ಟನೆ ಏರಿ, ಎಂಜಿನಿನ ಉತ್ಪಾದಕದಲ್ಲಿರುವ ಡಯೋಡುಗಳನ್ನು ಸುಡಬಹುದು. ಮನುಷ್ಯನ ಮರೆವನ್ನು ನಂಬದವರು ಸ್ವಯಂಚಾಲಿತ ರಿಲೇಯನ್ನು ಹಾಕಿಸುತ್ತಾರೆ. ಎಂಜಿನಿನ ಬ್ಯಾಟರಿಯ ಒತ್ತಡ ಸುಮಾರು 13.3 ವೋಲ್ಟಿಗೆ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ, 12.8ರ ಹತ್ತಿರಕ್ಕೆ ಇಳಿದಾಗ ಬೇರ್ಪಡಿಸುತ್ತದೆ. ನನ್ನ ಮಟ್ಟಿಗೆ ಈ ಎರಡನೆಯ ಏರ್ಪಾಡೇ ಮೇಲು.

ಇನ್ನು ತಂತಿಗಳ ವಿಷಯ. ಪಾಂಟೂನ್ ದೋಣಿಯಲ್ಲಿ ಬ್ಯಾಟರಿ ಸಾಮಾನ್ಯವಾಗಿ ಹಿಂಭಾಗದ ಪೀಠದ ಕೆಳಗಿರುತ್ತದೆ. ಮೀನು ಹಿಡಿಯುವವರು ಸದ್ದಿಲ್ಲದೆ ಸಾಗಲು ಬಳಸುವ ವಿದ್ಯುತ್ ಮೋಟಾರಾದರೋ ಮುಂಭಾಗದಲ್ಲಿ. ನಡುವಣ ದೂರ 6 ಮೀಟರ್. ಹೋಗಿಬರುವ ಹಾದಿ 12 ಮೀಟರ್. 8 ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಯಾದರೆ ಇಷ್ಟು ಉದ್ದಕ್ಕೆ ರೋಧವು ಸುಮಾರು 0.026 ಓಮ್. ಅತ್ಯಲ್ಪವೆನಿಸೀತು. ಆದರೆ ಮೋಟಾರು 45 ಆಂಪೇರ್ ಎಳೆದಾಗ 1.2 ವೋಲ್ಟಿನಷ್ಟು, ಎಂದರೆ ಹತ್ತರಲ್ಲೊಂದು ಪಾಲು, ದಾರಿಯಲ್ಲೇ ಸೋರಿಹೋಗಿ ತಂತಿಯನ್ನು ಬಿಸಿಮಾಡುತ್ತದೆ. 25 ಚದರ ಮಿಲಿಮೀಟರಿನ ತಂತಿಯಲ್ಲಿ ಈ ನಷ್ಟ 0.4 ವೋಲ್ಟಿಗೂ ಕಡಮೆ. ಒತ್ತಡ ಕಡಮೆಯಿರುವೆಡೆ ತಂತಿ ದಪ್ಪವಿರಬೇಕೆಂಬುದರ ಅರ್ಥವಿದು.

ಮೋಟಾರುಕಾರಿನಲ್ಲಿ ಲೋಹದ ಚೌಕಟ್ಟೇ ವಿದ್ಯುತ್ತಿನ ಮರುಹಾದಿ. ಅದನ್ನು ನೋಡಿ ಕಲಿತವರು ದೋಣಿಯಲ್ಲಿಯೂ ಅಲ್ಯೂಮಿನಿಯಂ ಒಡಲನ್ನೇ ಮರುಹಾದಿಯಾಗಿ ಬಳಸಲು ಹೋಗುವುದುಂಟು. ಇದು ಸಲ್ಲದು. ಒಡಲಿನಿಂದ ನೀರಿಗೆ ಹರಿಯುವ ದಾರಿತಪ್ಪಿದ ಪ್ರವಾಹವು, ಶಾಲೆಯ ಪ್ರಯೋಗಾಲಯದಲ್ಲಿ ತಾಮ್ರದ ಧನಫಲಕ ಕರಗುವಂತೆಯೇ, ಅಲ್ಯೂಮಿನಿಯಮ್ಮನ್ನು ಕ್ರಮೇಣ ತಿಂದುಹಾಕುತ್ತದೆ; ದೋಣಿಯನ್ನು ತೇಲಿಸುವ ಕೊಳವೆಗೇ ರಂಧ್ರವಾಗುತ್ತದೆ. ಪ್ರತಿಯೊಂದು ಉಪಕರಣಕ್ಕೂ ಹೋಗುವ ತಂತಿಯಂತೆ ಬರುವ ತಂತಿಯೂ ಬೇಕು. ಬ್ಯಾಟರಿಯ ಧನಧ್ರುವದ ತೀರ ಸಮೀಪದಲ್ಲೇ ಫ್ಯೂಸು ಇರಬೇಕು. ಅದು ದೂರದಲ್ಲಿದ್ದರೆ ನಡುವಣ ತಂತಿಗೆ ರಕ್ಷಣೆಯಿಲ್ಲ.

ಎಂಜಿನು ನಡೆಯುವಾಗ ಬ್ಯಾಟರಿ ತಾನಾಗಿಯೇ ತುಂಬಿಕೊಳ್ಳುತ್ತದೆಯೆಂಬ ನಂಬಿಕೆ ಅರ್ಧಸತ್ಯ. ಮಂದಗತಿಯಲ್ಲಿ ಸಾಗುವ ಸಣ್ಣ ಎಂಜಿನಿನಿಂದ ಬ್ಯಾಟರಿಗೆ 6 ಆಂಪೇರ್ ಮಿಕ್ಕಿತೆನ್ನೋಣ. ದಡ ಸೇರಲು ಅರ್ಧಗಂಟೆ ಹಿಡಿದರೆ ಮರಳಿದ್ದು 3 ಆಂಪೇರ್-ಗಂಟೆ, ಖರ್ಚಾಗಿದ್ದು 20. ಹೀಗೆ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯಲ್ಲಿ ಸಲ್ಫೇಟು ಗಟ್ಟಿಯಾದ ಹರಳುಗಳಾಗುತ್ತದೆ, ಮತ್ತೆ ಕರಗಲೊಲ್ಲದು. ಆದುದರಿಂದ ರಾತ್ರಿ ದಡದಲ್ಲಿ ಚಾರ್ಜು ಮಾಡಬೇಕು. ಒಳ್ಳೆಯ ಚಾರ್ಜರು ಮೊದಲು ಹೆಚ್ಚಿನ ಪ್ರವಾಹವನ್ನು ನೂಕುತ್ತದೆ, ಒತ್ತಡ 14.4 ವೋಲ್ಟಿನ ಆಸುಪಾಸಿಗೆ ಏರಿದಾಗ ಅದನ್ನು ಅಲ್ಲೇ ಹಿಡಿದು ಪ್ರವಾಹವು ತಾನಾಗಿ ತಗ್ಗಲು ಬಿಡುತ್ತದೆ; ಕೊನೆಗೆ 13.5ರ ಸುಮಾರಿಗೆ ಇಳಿಸಿ ಕಾಯುತ್ತದೆ. ಎರಡನೆಯ ಹಂತವೇ ನಿಧಾನ; ಅವಸರಪಡುವವರು ಬಿಟ್ಟುಬಿಡುವುದೂ ಅದನ್ನೇ.

ಚಾರ್ಜಿನ ಕೊನೆಯಲ್ಲಿ ನೀರು ವಿಭಜನೆಗೊಂಡು ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕರಷ್ಟಾದರೆ ಸಾಕು, ಒಂದು ಕಿಡಿಯಿಂದ ಹೊತ್ತಿಕೊಳ್ಳಬಲ್ಲುದು. ಪೀಠದ ಕೆಳಗಿನ ಮುಚ್ಚಿದ ಪೆಟ್ಟಿಗೆಯನ್ನು ತೆರೆದಿಟ್ಟು, ಚಾರ್ಜರಿನ ಹಿಡಿಕೆಗಳನ್ನು ಬ್ಯಾಟರಿಗೆ ಸಿಕ್ಕಿಸಿದ ಮೇಲೆಯೇ ಸ್ವಿಚ್ಚನ್ನು ಹಾಕಬೇಕು. ಇದಕ್ಕಿಂತಲೂ ಘೋರವಾದ ಅಪಾಯವು ಕಣ್ಣಿಗೆ ಕಾಣದು. ದಡದ ಕಟ್ಟೆಯಿಂದ ಚಾರ್ಜರಿಗೆ ಬರುವುದು ಅಮೆರಿಕದಲ್ಲಿ 120 ವೋಲ್ಟಿನ ಪರ್ಯಾಯ ಪ್ರವಾಹ. ನಿರೋಧಕ ಕೆಟ್ಟು ಅದು ನೀರಿಗೆ ಸೋರಿದರೆ, ಸಮೀಪದಲ್ಲಿ ಈಜುತ್ತಿರುವವರ ಸ್ನಾಯುಗಳು ಸ್ತಬ್ಧವಾಗಿ ಅವರು ಮುಳುಗಿಬಿಡಬಹುದು. ಉಪ್ಪುನೀರಿಗಿಂತ ಸಿಹಿನೀರಿನಲ್ಲಿಯೇ ಈ ಭಯ ಹೆಚ್ಚು. ಸಿಹಿನೀರಿಗಿಂತ ಮನುಷ್ಯನ ಶರೀರವು ಉತ್ತಮ ವಾಹಕವಾದುದರಿಂದ ಪ್ರವಾಹವು ಶರೀರದ ಹಾದಿಯನ್ನೇ ಹಿಡಿಯುತ್ತದೆ. ಸೋರಿಕೆಯನ್ನು ಕಂಡೊಡನೆ ಕಡಿದುಹಾಕುವ ಸ್ವಿಚ್ಚು ಕಟ್ಟೆಯಲ್ಲಿರಬೇಕು. ಚಾರ್ಜು ನಡೆಯುವಾಗ ಅಲ್ಲಿ ಮಕ್ಕಳನ್ನು ಈಜಲು ಬಿಡಲೇಬಾರದು.

ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ, ದೋಣಿಗಳು ದಡವೇರುತ್ತವೆ. ಆಗಲೂ ಬ್ಯಾಟರಿಯನ್ನು ಮರೆಯುವಂತಿಲ್ಲ. ಪೂರ್ಣ ತುಂಬಿದ ಬ್ಯಾಟರಿಯಲ್ಲಿ ಆಮ್ಲದ ವಿಶಿಷ್ಟ ಗುರುತ್ವ ಸುಮಾರು 1.265, ಅದು ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಹೆಪ್ಪುಗಟ್ಟದು. ಬರಿದಾದ ಬ್ಯಾಟರಿಯಲ್ಲಿರುವುದು ಬಹುಪಾಲು ನೀರೇ ಆದುದರಿಂದ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಸಾಧಾರಣ ಚಳಿಗೇ ಗಡ್ಡೆಗಟ್ಟಿ, ಹಿಗ್ಗಿ, ಪೆಟ್ಟಿಗೆಯನ್ನು ಸೀಳುತ್ತದೆ. ಇದನ್ನು ಬಲ್ಲವರು ಶರತ್ಕಾಲದಲ್ಲಿಯೇ ಎರಡೂ ಬ್ಯಾಟರಿಗಳನ್ನು ಪೂರ್ತಿ ತುಂಬಿ, ತಂತಿಗಳನ್ನು ಕಳಚಿ, ಮನೆಯೊಳಗೆ ತಂದಿಡುತ್ತಾರೆ.