ಟೀವಿ ಪಕ್ಕದಲ್ಲೊಂದು ಸದ್ದಿಲ್ಲದ ಪೆಟ್ಟಿಗೆ

ಹೋದ ಚಳಿಗಾಲ ಊರಿಂದ ಬ್ರ್ಯಾಂಪ್ಟನ್‌ಗೆ ಬಂದ ಅಮ್ಮ, 2004ರಲ್ಲಿ ನಡೆದ ಅಕ್ಕನ ಮದುವೆಯ ವಿಸಿಡಿ ತಂದಿದ್ದರು. ಹಳೆಯ ಕಂಪ್ಯೂಟರನ್ನೇ ಟೀವಿಗೆ ಜೋಡಿಸಿ ಹಾಕಿದೆ. ಛತ್ರದ ಬಾಗಿಲಲ್ಲಿ ಅಪ್ಪ ಯಾರಿಗೋ ಏನೋ ಹೇಳುತ್ತಾರೆ. ಫ್ಯಾನಿನ ಗೊರಗೊರ ಸದ್ದಿನಲ್ಲಿ ಕೇಳಿಸಲಿಲ್ಲ. ಅಪ್ಪ ಈಗಿಲ್ಲ. "ಇನ್ನೊಂದ್ಸಲ ಹಾಕೋ" ಎಂದರು ಅಮ್ಮ. ಅವತ್ತೇ ಸದ್ದಿಲ್ಲದ ಪುಟ್ಟ ಕಂಪ್ಯೂಟರ್ ಹುಡುಕಲು ಕೂತೆ.

ಕೊಳ್ಳುವ ಮುನ್ನ ಮೂರು ವಿಷಯ ನೋಡಿ.

ಒಂದು, ಫ್ಯಾನ್. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್‌ನ ಟಿಡಿಪಿ ಬರೀ 6 ವಾಟ್. ಹಾಗಾಗಿ ಲೋಹದ ಕವಚವೇ ಶಾಖ ಹೊರಹಾಕುವ, ಫ್ಯಾನೇ ಇಲ್ಲದ ಪೆಟ್ಟಿಗೆಗಳಿವೆ. ಆದರೆ ಎನ್100 ಇದ್ದ ಮಾತ್ರಕ್ಕೆ ಫ್ಯಾನ್ ಇರುವುದಿಲ್ಲ ಎಂದೇನಿಲ್ಲ, ವಿಚಾರಿಸಿ ಕೊಳ್ಳಿ. ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.

ಎರಡು, ಡಿಕೋಡಿಂಗ್. 4ಕೆ ಸಿನಿಮಾಗಳ ಹೆಚ್‌ಇವಿಸಿ, ಎವಿ1 ವಿಡಿಯೋಗಳನ್ನು ಗ್ರಾಫಿಕ್ಸ್ ಭಾಗವೇ ಬಿಡಿಸಬೇಕು. ಇಲ್ಲವಾದರೆ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಚಿತ್ರ ಮುಗ್ಗರಿಸುತ್ತದೆ. ಎನ್100 ಎರಡನ್ನೂ ನಿಭಾಯಿಸುತ್ತದೆ.

ಮೂರು, ನಮ್ಮೂರ ಪಾಲ್. ಭಾರತದ ಮದುವೆ ಡಿಸ್ಕ್‌ಗಳು ಹೆಚ್ಚಾಗಿ ಸೆಕೆಂಡಿಗೆ 25 ಫ್ರೇಮಿನವು. ಇಲ್ಲಿನ ಟೀವಿಯ 60 ಹರ್ಟ್ಸ್‌ಗೆ ಅದು ಸಮನಾಗಿ ಹೊಂದದೆ ಚಲನೆ ತಡವರಿಸುತ್ತದೆ. ಟೀವಿ ಒಪ್ಪಿದರೆ 50 ಹರ್ಟ್ಸ್‌ಗೆ ಬದಲಿಸಿ. ಕೋಡಿ ತಂತ್ರಾಂಶದಲ್ಲಿ ಒಮ್ಮೆ ಸೆಟ್ ಮಾಡಿದರೆ ತಾನೇ ಬದಲಿಸಿಕೊಳ್ಳುತ್ತದೆ.

ಡಿಸ್ಕ್ ಶಾಶ್ವತವಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಹಾಕಿ ಇವತ್ತೇ ಎರಡು ಪ್ರತಿ ಮಾಡಿಟ್ಟುಕೊಳ್ಳಿ.

ಹೊಸ ಪೆಟ್ಟಿಗೆ ಬಂದ ಸಂಜೆ ಅಪ್ಪನ ಮಾತು ಕೇಳಿಸಿತು: "ಊಟ ಮಾಡ್ದೆ ಹೋಗ್ಬೇಡಿ." ಅಮ್ಮ ಅದನ್ನು ನಾಲ್ಕು ಸಲ ಹಾಕಿಸಿಕೊಂಡರು.