ಸಿಪ್ಪೆಯೊಡನೆ ಮಾಗುವ ಕಿತ್ತಳೆ ವೈನ್

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಹಿಂಡಿ ಬೇರೆ, ಎಣ್ಣೆ ಬೇರೆ. ಬಿಳಿ ವೈನ್ ತಯಾರಿಕೆಯಲ್ಲಿಯೂ ದ್ರಾಕ್ಷಿಯ ಸಿಪ್ಪೆಯನ್ನು ಮೊದಲೇ ಬೇರ್ಪಡಿಸಲಾಗುತ್ತದೆ. ಕಿತ್ತಳೆ ವೈನಿನಲ್ಲಿ (ಹೆಸರು ಬಣ್ಣದ್ದು, ಹಣ್ಣಿನದಲ್ಲ) ಹಾಗಲ್ಲ. ಬಿಳಿ ದ್ರಾಕ್ಷಿಯ ರಸವು ಸಿಪ್ಪೆ, ಬೀಜಗಳೊಡನೆಯೇ ಹುದುಗುಬಂದು ಬಣ್ಣವನ್ನೂ ಒಗರನ್ನೂ ಪಡೆಯುತ್ತದೆ. ಜಾರ್ಜಿಯಾ ದೇಶದ ಕೃಷಿಕ ಕುಟುಂಬಗಳು ನೆಲದಲ್ಲಿ ಹೂತ ‘ಕ್ವೆವ್ರಿ’ ಎಂಬ ಮಣ್ಣಿನ ಹರವಿಗಳಲ್ಲಿ ಇದನ್ನು ಐದಾರು ತಿಂಗಳು ಇರಿಸುತ್ತವೆ. ಈ ವಿಧಾನವನ್ನು ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ಕಾಲ ಹೂಡಿದ ಹಣ ಮರಳದು. ಮಗ್ಗದ ಮೇಲೆ ಬಂಡವಾಳವಿಟ್ಟು ಕಾಯುವ ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಈ ಹೊರೆ ಹೊಸತಲ್ಲ.

ಕರ್ನಾಟಕವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿತು. ಆದರೆ ಬೆಂಗಳೂರು ನೀಲಿ ದ್ರಾಕ್ಷಿ ಇದಕ್ಕೆ ಒದಗದು. ಅದರ ಸಿಪ್ಪೆ ಕೊಡುವುದು ಕೆಂಬಣ್ಣವನ್ನು. ಬಿಳಿ ತಳಿಗೆ ವಿಜಯಪುರದತ್ತಲೇ ನೋಡಬೇಕು; ಅಲ್ಲಿಯ ಥಾಮ್ಸನ್ ಸೀಡ್‌ಲೆಸ್ ಬಹುಪಾಲು ಒಣದ್ರಾಕ್ಷಿಯಾಗುತ್ತಿದೆ.