ಸರ್ಪಸುತ್ತು ಮೈಯನ್ನು ಸುತ್ತುವುದೆ?

ಹೆಸರನ್ನು ಕೇಳಿದ ಮಾತ್ರಕ್ಕೆ ಎದೆಗೆಡಿಸುವ ರೋಗಗಳು ನಮ್ಮ ನಾಡಿನಲ್ಲಿ ಕೆಲವುಂಟು. ಅವುಗಳಲ್ಲಿ ಸರ್ಪಸುತ್ತು ಒಂದು. ಎದೆಯ ಪಕ್ಕದಲ್ಲೋ ಸೊಂಟದ ಮೇಲೋ ನೀರುಗುಳ್ಳೆಗಳ ಸಾಲು ಕಂಡೊಡನೆ ಮನೆಯವರ ದೃಷ್ಟಿಯೆಲ್ಲ ಅದರ ಎರಡು ತುದಿಗಳ ಮೇಲೆ ನೆಡುವುದು. ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿಯು ಉಳಿಯನೆಂಬುದು ನಮ್ಮಲ್ಲಿ ರೂಢಿಯಾದ ನಂಬಿಕೆ. ದಿನೇ ದಿನೇ ಹೊಸ ಗುಳ್ಳೆಗಳೇಳುವುದನ್ನು ಕಂಡವರು ಹಾಗೆ ಅಂಜಿದುದರಲ್ಲಿ ಆಶ್ಚರ್ಯವಿಲ್ಲ. ಗ್ರೀಕರ ಹರ್ಪಿಸ್ ಎಂಬ ಮಾತು ಸಹ ‘ತೆವಳು’ ಎಂಬ ಧಾತುವಿನಿಂದ ಬಂದುದು. ಜೋಸ್ಟರ್ ಎಂದರೆ ನಡುಪಟ್ಟಿ. ಈ ಅಂಜಿಕೆಯಲ್ಲಿ ನಿಜವೆಷ್ಟೆಂಬುದನ್ನು ವಿಚಾರಮಾಡೋಣ.

ಈ ರೋಗದ ಮೂಲವು ಚರ್ಮದಲ್ಲಿಲ್ಲ. ಸೀತಾಳೆ ಸಿಡುಬು ಬಂದು ವಾಸಿಯಾದ ಮೇಲೂ ಅದರ ವೈರಸ್ಸು ದೇಹವನ್ನು ಬಿಟ್ಟುಹೋಗುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿಯೂ ತಲೆಯೊಳಗೂ ಇರುವ ನರಗಂಟುಗಳಲ್ಲಿ ಅದು ಹತ್ತಾರು ವರ್ಷ ಮಲಗಿರುವುದು. ವೃದ್ಧಾಪ್ಯದಿಂದಲೋ ಬೇರೆ ವ್ಯಾಧಿಯಿಂದಲೋ ದೇಹದ ರಕ್ಷಣಶಕ್ತಿಯು ಕುಂದಿದಾಗ, ಯಾವುದೋ ಒಂದು ಗಂಟಿನಲ್ಲಿ ಎಚ್ಚೆತ್ತು, ಆ ಗಂಟಿನ ನರದ ಹಾದಿಯಾಗಿ ಚರ್ಮಕ್ಕೆ ಬರುವುದು. ಗುಳ್ಳೆ ಕಾಣುವುದಕ್ಕೆ ಕೆಲವು ದಿನ ಮುಂಚೆಯೇ ಆ ಭಾಗದಲ್ಲಿ ಉರಿಯೂ ನೋವೂ ಇರುವುದಕ್ಕೆ ಇದೇ ಕಾರಣ. 1900ರಲ್ಲಿ ಹೆಡ್ ಮತ್ತು ಕ್ಯಾಂಬೆಲ್ ಎಂಬ ವೈದ್ಯರು ಈ ರೋಗವಿದ್ದವರ ಶವಗಳನ್ನು ಪರೀಕ್ಷಿಸಿ, ಕೆಟ್ಟ ನರಗಂಟಿಗೂ ಗುಳ್ಳೆಯೆದ್ದ ಪಟ್ಟಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು.

ಕೆರೆಯ ಒಂದು ತೂಬಿನ ನೀರು ಆ ತೂಬಿಗೆ ಸೇರಿದ ಗದ್ದೆಗಳಿಗೆ ಮಾತ್ರ ಹರಿಯುವುದಷ್ಟೆ. ಅದರಂತೆ ಒಂದೊಂದು ನರಕ್ಕೂ ಚರ್ಮದಲ್ಲಿ ಅದರದೇ ಆದ ಒಂದು ಪಟ್ಟಿಯುಂಟು. ಬಲಗಡೆಯ ಪಟ್ಟಿಯೂ ಎಡಗಡೆಯ ಪಟ್ಟಿಯೂ ಮೈಯ ನಡುಗೆರೆಯಲ್ಲಿ ನಿಲ್ಲುವುವು. ಆದುದರಿಂದ ಸಾಮಾನ್ಯವಾಗಿ ಸರ್ಪಸುತ್ತು ಅರ್ಧ ಸುತ್ತಿಗೆ ನಿಲ್ಲುವುದು. ಮೂರರಿಂದ ಐದು ದಿನಗಳವರೆಗೆ ಏಳುವ ಹೊಸ ಗುಳ್ಳೆಗಳೂ ಬಹುಮಟ್ಟಿಗೆ ಅದೇ ಪಟ್ಟಿಯಲ್ಲಿಯೇ ಏಳುವುವು. ಅಪರೂಪವಾಗಿ, ರಕ್ಷಣಶಕ್ತಿಯು ತೀರ ಕುಗ್ಗಿದವರಲ್ಲಿ, ಗುಳ್ಳೆಗಳು ಮೈಯೆಲ್ಲ ಹರಡುವುದುಂಟು. ಅದು ಅಪಾಯಕರವೇ ಸರಿ; ಆದರೆ ಆ ಅಪಾಯಕ್ಕೂ ತುದಿಗಳು ಕೂಡುವುದಕ್ಕೂ ಸಂಬಂಧವಿಲ್ಲ.

ಗುಳ್ಳೆಯ ನೀರು ತಗುಲಿದ ಕಡೆಯಲ್ಲೆಲ್ಲ ರೋಗಿಗೇ ಮತ್ತೆ ಸುತ್ತು ಏಳುವುದೆಂಬ ಭಯವೂ ನಿರಾಧಾರವಾದುದು. ಆದರೆ ಸೀತಾಳೆ ಸಿಡುಬನ್ನು ಕಾಣದವರಿಗೆ ಆ ನೀರಿನಿಂದ ಸೀತಾಳೆ ಸಿಡುಬು ಅಂಟಬಹುದು. ಹಕ್ಕು ಕಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಕೂಸುಗಳಿಂದಲೂ, ಆ ಸಿಡುಬನ್ನು ಕಾಣದ ಗರ್ಭಿಣಿಯರಿಂದಲೂ ದೂರವಿರುವುದು ಲೇಸು. ಇದೇ ಕುಲದ ಇನ್ನೊಂದು ವೈರಸ್ಸಿನಿಂದ ತುಟಿಯಂಚಿನಲ್ಲಿ ಏಳುವ ಗುಳ್ಳೆಯ ಸ್ವಭಾವವು ಬೇರೆ. ಅದು ಕೈಯ ಮೂಲಕ ಬೆರಳಿಗೂ ಕಣ್ಣಿಗೂ, ವಿಶೇಷವಾಗಿ ಮೊದಲ ಸಲ ಬಂದಾಗ, ಹರಡಬಲ್ಲುದು. ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣಿಗೆ ತಾಗಿಸಬಾರದು.

ಸರ್ಪಸುತ್ತಿನಲ್ಲಿ ನಿಜವಾಗಿ ಅಂಜತಕ್ಕ ವಿಷಯಗಳು ಎರಡು. ಹಣೆಯ ಮೇಲೆ, ಅದರಲ್ಲಿಯೂ ಮೂಗಿನ ತುದಿಯಲ್ಲಿ, ಗುಳ್ಳೆ ಕಂಡರೆ ಅದೇ ನರವು ಕಣ್ಣಿಗೂ ಹೋಗುವುದರಿಂದ ದೃಷ್ಟಿಗೇ ಧಕ್ಕೆ ಬರಬಹುದು. ಅಂಥವರು ಆ ದಿನವೇ ಕಣ್ಣಿನ ವೈದ್ಯರನ್ನು ಕಾಣಬೇಕು. ಎರಡನೆಯದು, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಉಳಿಯುವ ನರದ ನೋವು. ಇದು ಮುದುಕರನ್ನು ಹೆಚ್ಚಾಗಿ ಬಾಧಿಸುವುದು. ಏಸೈಕ್ಲೊವಿರ್ ಮೊದಲಾದ ಔಷಧಗಳು ವೈರಸ್ಸಿನ ಹಾವಳಿಯನ್ನು ತಗ್ಗಿಸುವುವು. ಆದರೆ ಗುಳ್ಳೆ ಕಂಡ 72 ಗಂಟೆಗಳೊಳಗಾಗಿ ಪ್ರಾರಂಭಿಸಿದರೆ ಅವುಗಳಿಂದ ಹೆಚ್ಚು ಪ್ರಯೋಜನ. 50 ವರ್ಷ ದಾಟಿದವರಿಗೆ ರೋಗವನ್ನು ತಡೆಯುವ ಲಸಿಕೆಯೂ 2023ರಿಂದ ಭಾರತದಲ್ಲಿ ದೊರೆಯುತ್ತಿದೆ.

ಕೆಮ್ಮಣ್ಣು ಹಚ್ಚುವ ರೂಢಿ ಅನೇಕ ಮನೆಗಳಲ್ಲಿದೆ. ಹಚ್ಚಿದವರಿಗೆ ತಂಪೆನಿಸಬಹುದು, ನರದಲ್ಲಿರುವ ವೈರಸ್ಸಿಗೆ ಅದು ಮುಟ್ಟದು. ಹರಕೆ ಹೊರುವವರು ಹೊರಲಿ. ಅದರೊಡನೆ ವೈದ್ಯರ ಬಳಿಗೂ ಹೋಗಲಿ. ಹಾವಿನ ತಲೆಬಾಲಗಳು ಕೂಡುವುವೋ ಇಲ್ಲವೋ ಎಂದು ಕಾದು ನೋಡುತ್ತ ಮನೆಯಲ್ಲಿ ಕಳೆಯುವ ಆ ಮೊದಲ ಮೂರು ದಿನಗಳೇ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳ ದಿನಗಳು.